ಲೆಕ್ಕ ಚುಕ್ತಾ ಆಗುವುದು ಯಾವಾಗ?

ಎಲ್ಲರಿಗೂ ನಮಸ್ಕಾರ. ಹೋದ ವಾರ ನಮ್ಮ ಕೂಟದ ಕಾರ್ಯದರ್ಶಿಗಳು ಫೋನ್ ಮಾಡಿ, "ಸಾರ್, ಯಾರ ಬಗ್ಗೆ ಮಾತಾಡ್ತೀರಿ?" ಅಂದರು. ಎಡ್ಡಿ ಝೆಂಗ್ ಅಂದೆ. "ವಿಜ್ಞಾನಿನಾ?" ಅಂದರು. ಅಲ್ಲ, ಹದಿನಾರನೇ ವಯಸ್ಸಿಗೆ ಮನೆ ದರೋಡೆ ಮಾಡಿ ಜೈಲಿಗೆ ಹೋದವರು ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಮೆಲ್ಲಗೆ, "ಸಾರ್, ಮಕ್ಕಳೂ ಬರ್ತಾರೆ" ಅಂದರು. ಬರಲಿ, ಮಕ್ಕಳಾಗಿ ಅಮೆರಿಕಾಕ್ಕೆ ಬಂದವರ ಕಥೆಯೇ ಇದು ಅಂದೆ. ಅಂತೂ ಒಪ್ಪಿಕೊಂಡರು, ಅವರಿಗೆ ಥ್ಯಾಂಕ್ಸ್.

ಮೂರು ವಿಷಯ ಬರೆದುಕೊಂಡು ಬಂದಿದ್ದೇನೆ. ಮೂರೂ ಮುಗಿಸುತ್ತೇನೆ ಅನ್ನುವ ಭರವಸೆ ನನಗೇ ಇಲ್ಲ.

ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ರಿಚ್ಮಂಡ್ ಸೇತುವೆ ಮೇಲೆ ಸ್ಯಾನ್ ರಫೆಲ್ ಕಡೆಗೆ ನೀವೆಲ್ಲ ಹೋಗಿರುತ್ತೀರಿ. ಸೇತುವೆ ಇಳಿಯುವ ಹೊತ್ತಿಗೆ ಎಡಗಡೆ, ನೀರಿನ ಅಂಚಿನಲ್ಲಿ ಮಾಸಿದ ಬಣ್ಣದ ದೊಡ್ಡ ಕಟ್ಟಡ ಕಾಣುತ್ತದೆ. ಅದು ಸ್ಯಾನ್ ಕ್ವೆಂಟಿನ್. 1852ರಿಂದ ಜೈಲು. ಆ ಬೇ ವ್ಯೂಗೆ ಆಚೀಚೆ ಎಷ್ಟು ಮಿಲಿಯನ್ ಕೊಡಬೇಕು ಅಂತ ಇಲ್ಲಿರುವ ರಿಯಲ್ಟರ್ ಮಿತ್ರರಿಗೆ ಗೊತ್ತು. 2023ರಲ್ಲಿ ಅದಕ್ಕೆ ಪುನರ್ವಸತಿ ಕೇಂದ್ರ ಅಂತ ಹೊಸ ಹೆಸರು ಕೊಡುವ ಘೋಷಣೆ ಆಯಿತು. ಎಡ್ಡಿ ಅಲ್ಲಿಗೆ ಹೋದಾಗ ಅದು ಬರೀ ಜೈಲು.

ಅವರು 1982ರಲ್ಲಿ ಚೀನಾದಿಂದ ಓಕ್‌ಲ್ಯಾಂಡಿಗೆ ಬಂದರು. ಆಗ 12 ವರ್ಷ. ಅಪ್ಪ ಅಮ್ಮ ದುಡಿತದಲ್ಲಿ, ಹುಡುಗ ಬೀದಿಯಲ್ಲಿ. ಶಾಲೆಯಲ್ಲಿ ಭಾಷೆ ಬಾರದು. ಈ ಭಾಗ ನಾನು ವಿವರಿಸಬೇಕಾಗಿಲ್ಲ. 1986ರ ಜನವರಿಯಲ್ಲಿ ಇನ್ನಿಬ್ಬರ ಜೊತೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಮನೆಗೆ ನುಗ್ಗಿದರು. ಅವರೂ ಚೀನಾದಿಂದ ಬಂದು ಅಂಗಡಿ ಇಟ್ಟುಕೊಂಡ ಕುಟುಂಬವೇ. ಗಂಟೆಗಟ್ಟಲೆ ಅವರನ್ನು ಬಂಧಿಯಾಗಿಟ್ಟು ಹೆದರಿಸಿದರು. ಇದನ್ನು ನಾನು ಮೆಲ್ಲಗೆ ದಾಟಿಸಿಕೊಂಡು ಹೋಗುವುದಿಲ್ಲ. ಆ ಮನೆಯವರಿಗೆ ಆ ರಾತ್ರಿ ಇವತ್ತಿಗೂ ಮುಗಿದಿರಲಿಕ್ಕಿಲ್ಲ. ವಯಸ್ಕನೆಂದೇ ವಿಚಾರಣೆ ನಡೆಯಿತು. 7 ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ. ಅಂದರೆ ಏಳಕ್ಕೂ ಬಿಡಬಹುದು, ಸಾಯುವ ತನಕವೂ ಇಡಬಹುದು.

ಬಿಟ್ಟಿದ್ದು ಸುಮಾರು 19 ವರ್ಷ ಆದಮೇಲೆ. ಒಳಗೇ ಇಂಗ್ಲಿಷ್ ಕಲಿತರು, ಹೈಸ್ಕೂಲ್ ಪರೀಕ್ಷೆ ಕಟ್ಟಿದರು, ಕಾಲೇಜಿನ ಡಿಗ್ರಿ ಪಡೆದರು, ಕವಿತೆ ಬರೆದರು. 2002ರಲ್ಲಿ ಕೆಲವರು ಸೇರಿ, ನಮ್ಮಂಥ ವಲಸೆಗಾರರ ಚರಿತ್ರೆಯನ್ನೂ ಇಲ್ಲಿ ಪಾಠ ಮಾಡಿ ಅಂತ ಒಂದು ಅರ್ಜಿಗೆ ಸಹಿ ಹಾಕಿದರು. ಅದರ ಬೆನ್ನಿಗೇ ಎಡ್ಡಿಯನ್ನು ಒಂಟಿ ಸೆಲ್ಲಿಗೆ ಹಾಕಿದರು. 11 ತಿಂಗಳು! ಸಿಲಬಸ್ ಕೇಳಿದ್ದಕ್ಕೆ. ನಮ್ಮ ಕೂಟದಲ್ಲಿ ಜಮಾಖರ್ಚು ಕೇಳಿದವರನ್ನೂ ನಾವು ಇಷ್ಟು ಕೆಟ್ಟದಾಗಿ ನೋಡಿಲ್ಲ. ಖಜಾಂಚಿಗಳು ನಗುತ್ತಿದ್ದಾರೆ, ಇರಲಿ.

ನನ್ನ ಪ್ರಕಾರ ಅವರ ಹೋರಾಟ ಶುರುವಾಗಿದ್ದು ಆ ಅರ್ಜಿಯಿಂದ, ಹೊರಗೆ ಬಂದ ಮೇಲೆ ಅಲ್ಲ. ಜೈಲಿನಲ್ಲಿ ಒಳ್ಳೆಯವನಾಗಿ ಬಾಯಿ ಮುಚ್ಚಿಕೊಂಡಿದ್ದರೆ ಪೆರೋಲ್ ಮಂಡಳಿಗೆ, ಅಂದರೆ ಕೈದಿಯನ್ನು ಬಿಡುಗಡೆ ಮಾಡಬಹುದಾ ಅಂತ ತೀರ್ಮಾನಿಸುವವರಿಗೆ, ಖುಷಿ. ಬದಲಾಗುವುದು ಅಂದರೆ ಬರೀ ಮೆತ್ತಗಾಗುವುದಾ?

ಸರಿ, 2005ರಲ್ಲಿ ಪೆರೋಲ್ ಸಿಕ್ಕಿತು. ಗೇಟಿನ ಆಚೆ ಅಮ್ಮ ಇಲ್ಲ, ಇಮಿಗ್ರೇಷನ್‌ನವರು ನಿಂತಿದ್ದರು. ಅಲ್ಲಿಂದ ಸೀದಾ ಇನ್ನೊಂದು ಕಸ್ಟಡಿ. ಹತ್ತಿರ ಹತ್ತಿರ ಎರಡು ವರ್ಷ. ಕೋರ್ಟು ಕೊಟ್ಟ ಶಿಕ್ಷೆ ಮುಗಿದಿದೆ, ಮಂಡಳಿಯೇ ಬಿಡಿ ಅಂದಿದೆ. ಆದರೂ ಒಳಗೆ. ಕೈಯಲ್ಲಿ ಇದ್ದದ್ದು ಗ್ರೀನ್ ಕಾರ್ಡ್, ಪೌರತ್ವ ಅಲ್ಲ. ಅಷ್ಟೇ ವ್ಯತ್ಯಾಸ. ಇಲ್ಲೇ ಹುಟ್ಟಿದವನು ಅದೇ ತಪ್ಪು ಮಾಡಿ ಅಷ್ಟೇ ವರ್ಷ ಒಳಗಿದ್ದರೆ ಆವತ್ತು ಮನೆಯಲ್ಲಿ ಊಟ ಮಾಡುತ್ತಿದ್ದ. ಹಾಗಾದರೆ ಲೆಕ್ಕ ಚುಕ್ತಾ ಅಂತ ಹೇಳುವವರು ಯಾರು? 2007ರಲ್ಲಿ ಹೊರಗೆ ಬಂದರು. ಅಂದಿನಿಂದ ದಾರಿ ತಪ್ಪುವ ಹುಡುಗರ ಜೊತೆ, ಗಡಿಪಾರಿನ ಭಯದಲ್ಲಿರುವವರ ಜೊತೆ ಕೆಲಸ. ಗಡಿಪಾರಿನ ಕತ್ತಿ ಅವರ ತಲೆ ಮೇಲೂ ತೂಗುತ್ತಲೇ ಇತ್ತು. ಕ್ಯಾಲಿಫೋರ್ನಿಯಾದ ಗವರ್ನರ್ ಜೆರ್ರಿ ಬ್ರೌನ್ ಕ್ಷಮಾದಾನ ಕೊಟ್ಟಿದ್ದು 2015ರಲ್ಲಿ.

ಇದಕ್ಕೆಲ್ಲ ಬೇರು 1996ರ ವಲಸೆ ಕಾನೂನು. ಕ್ಲಿಂಟನ್ ಸಹಿ ಹಾಕಿದ್ದು. ಅದರಲ್ಲಿ "ಅಗ್ರವೇಟೆಡ್ ಫೆಲನಿ" ಅಂತ ಒಂದು ಮಾತಿದೆ, ಗಡಿಪಾರಿಗೆ ಗುರಿಮಾಡುವ ಘೋರ ಅಪರಾಧಗಳ ಪಟ್ಟಿ. ಕೇಳಿದರೆ ಕೊಲೆನೇ ಇರಬೇಕು ಅನ್ನಿಸುತ್ತದೆ. ಮೊದಲು ಕಳ್ಳತನಕ್ಕೆ 5 ವರ್ಷ ಶಿಕ್ಷೆಯಾಗಿದ್ದರೆ ಆ ಪಟ್ಟಿಗೆ ಸೇರುತ್ತಿತ್ತು, 1996ರಲ್ಲಿ ಅದು 1 ವರ್ಷಕ್ಕೆ ಇಳಿಯಿತು. ಅದೂ ಹಿಂದಿನ ತಪ್ಪುಗಳಿಗೂ ಸೇರಿಸಿ. ಆ ಪಟ್ಟಿಗೆ ಬಿದ್ದರೆ, ಇವನು ಬದಲಾಗಿದ್ದಾನೆ, ಇವನಿಗೆ ಹೆಂಡತಿ ಮಕ್ಕಳಿದ್ದಾರೆ ಅಂತ ನೋಡುವ ಅಧಿಕಾರ ಹೆಚ್ಚುಕಡಿಮೆ ನ್ಯಾಯಾಧೀಶರಿಗೇ ಇಲ್ಲ. ಲೆಕ್ಕ ಚುಕ್ತಾ ಅಂತ ಬರೆಯುವ ಪೆನ್ನನ್ನೇ ಕಿತ್ತುಕೊಂಡರು.

ಈಗ ನನ್ನ ಪ್ಯಾಂಟಿನ ಕಥೆ. ಕೇಳಿದವರು ಕ್ಷಮಿಸಿ.

ನಾನು ಕೆಲವು ವರ್ಷ ಇಲ್ಲಿನ ಒಂದು ಜೈಲಿಗೆ ವಾರಕ್ಕೊಂದು ಸಂಜೆ ಗಣಿತ ಹೇಳಿಕೊಡಲು ಹೋಗುತ್ತಿದ್ದೆ. ಯಾವ ಜೈಲು ಅನ್ನುವುದು ಬೇಡ. ಮೊದಲ ದಿನ ಜೀನ್ಸ್ ಹಾಕಿಕೊಂಡು ಹೋದೆ. ಕೈದಿಗಳ ಬಟ್ಟೆ ನೀಲಿ ಡೆನಿಮ್, ಹೊರಗಿನವರು ನೀಲಿ ಹಾಕುವ ಹಾಗಿಲ್ಲ. ಗಲಾಟೆ ಆದರೆ ಯಾರು ಯಾರು ಅಂತ ಗೊತ್ತಾಗಬೇಕಲ್ಲ. ಕಾರಿನ ಡಿಕ್ಕಿಯಲ್ಲಿ ಇದ್ದದ್ದು ಮಗನ ಸಾಕರ್ ಪ್ಯಾಂಟ್ ಮಾತ್ರ. ಅವನಿಗೆ ಆಗ 13. ಅದನ್ನೇ ಉಸಿರು ಹಿಡಿದು ಏರಿಸಿಕೊಂಡು ಹೋದೆ. ಮೊಣಕಾಲಿನ ಕೆಳಗೆ ಒಂದು ಗೇಣು, ಅಲ್ಲಿಗೆ ಪ್ಯಾಂಟು ಮುಗಿಯಿತು. ಬೋರ್ಡಿನ ಕಡೆ ತಿರುಗಲು ಹೆದರಿಕೆ, ಹೊಲಿಗೆ ಬಿಟ್ಟರೆ? ಇಡೀ ಕ್ಲಾಸಿನಲ್ಲಿ ನಗದೇ ಇದ್ದವನು ಒಬ್ಬನೇ. ಕೊನೆಗೆ ಹತ್ತಿರ ಬಂದು, "ಸರ್, ನೀವು ಇಂಡಿಯಾದವರಾ? ಈ ಅಕ್ಷರ ಓದೋಕೆ ಬರುತ್ತಾ?" ಅಂತ ನೋಟ್‌ಬುಕ್ ಚಾಚಿದ.

ಗುಂಡಗಿನ ಅಕ್ಷರ, ತಲೆಯ ಮೇಲೆ ಜುಟ್ಟು. ಖ್ಮೇರ್, ಕಾಂಬೋಡಿಯಾದವರ ಲಿಪಿ. ಅವನ ಅಪ್ಪ ಅಮ್ಮ ಕಾಂಬೋಡಿಯಾದಿಂದ ಜೀವ ಉಳಿಸಿಕೊಂಡು ಓಡಿದವರು. ಇವನು ಹುಟ್ಟಿದ್ದು ಥಾಯ್ಲೆಂಡಿನ ನಿರಾಶ್ರಿತರ ಶಿಬಿರದಲ್ಲಿ, ಅಮೆರಿಕಾಕ್ಕೆ ಬಂದಿದ್ದು ಕೈಗೂಸಾಗಿ. ಈಗ ನಲವತ್ತರ ಹತ್ತಿರ. ಕಾಂಬೋಡಿಯಾದ ನೆಲ ಒಂದು ಸಲವೂ ಮೆಟ್ಟಿಲ್ಲ. 2002ರಲ್ಲಿ ಆ ದೇಶದ ಜೊತೆ ಒಪ್ಪಂದ ಆದಮೇಲೆ ಇಂಥವರನ್ನು ಅಲ್ಲಿಗೆ ಕಳಿಸುತ್ತಿದ್ದಾರೆ. ಅದಕ್ಕೇ ಈಗ ಅಕ್ಷರ ತಿದ್ದುತ್ತಿದ್ದ.

ಓದಲು ಬರುವುದಿಲ್ಲ ಅಂದೆ. ಅವನೇ ಬೆರಳಿಟ್ಟು ಓದಿದ. ಕ, ಖ, ಕೊ, ಖೊ, ಙೊ. ನನಗೆ ಮೈ ಜುಂ ಅಂದಿತು. ನಮ್ಮ ವರ್ಣಮಾಲೆಯ ಸಾಲೇ ಅಲ್ವಾ! ಪಲ್ಲವರ ಕಾಲದ ಲಿಪಿ ಹಡಗು ಹತ್ತಿ ಅಲ್ಲಿಗೆ ಹೋಗಿದ್ದು ಪುಸ್ತಕದಲ್ಲಿ ಓದಿದ್ದೆ. ಕೇಳಿದ್ದು ಆವತ್ತೇ. "ಮುಂದಿನ ಸಾಲು ಚ, ಛ ಇಂದ ಶುರುವಾಗುತ್ತೆ, ನೋಡು" ಅಂದೆ. ಪುಟ ತಿರುಗಿಸಿದ, ಹೌದು. ಅವನು ಆಗ ನಕ್ಕ. ಭಾನುವಾರ ನಮ್ಮ ಮಕ್ಕಳಿಗೆ ಈ ಸಾಲು ಕಲಿಸಲು ನಾವು ಪಿಜ್ಜಾ ಆಸೆ ತೋರಿಸಬೇಕು.

ಚೀಟಿ ಬಂತು. ಐದು ನಿಮಿಷ ಅಂತೆ. ಎರಡನೇ ವಿಷಯ ಹಾಗಾದರೆ ಓಡಿಸುತ್ತೇನೆ. ಹೊಸೆ ಪಡಿಯಾ, ಹೊಂಡುರಾಸಿನಲ್ಲಿ ಹುಟ್ಟಿದವರು, 40 ವರ್ಷದಿಂದ ಕಾನೂನು ಪ್ರಕಾರವೇ ಇಲ್ಲಿದ್ದವರು, ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕಾದ ಸೇನೆಯಲ್ಲಿದ್ದವರು. ಲಾರಿಯಲ್ಲಿ ಗಾಂಜಾ ಸಿಕ್ಕಿತು. ಇಷ್ಟು ವರ್ಷ ಇದ್ದೀರಿ, ಇಮಿಗ್ರೇಷನ್ ಚಿಂತೆ ಬೇಡ, ತಪ್ಪೊಪ್ಪಿಕೊಳ್ಳಿ ಅಂತ ವಕೀಲರು ಹೇಳಿದರು. ಒಪ್ಪಿಕೊಂಡರು, ಗಡಿಪಾರು ಬೆನ್ನು ಹತ್ತಿತು. 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಗಡಿಪಾರಿನ ಅಪಾಯ ಇದ್ದರೆ ಕ್ರಿಮಿನಲ್ ವಕೀಲರು ಕಕ್ಷಿದಾರರಿಗೆ ತಿಳಿಸಲೇಬೇಕು. ನಿಮ್ಮ ಮಕ್ಕಳು ಗ್ರೀನ್ ಕಾರ್ಡಿನ ಮೇಲೆ ಕಾಲೇಜಿನಲ್ಲಿದ್ದರೆ ಇದು ನೆನಪಿರಲಿ. ಸುಮ್ನೆ ಸಹಿ ಹಾಕಬೇಡಿ, ಮೊದಲು ಕೇಳಿ. "ನಮ್ಮ ಹುಡುಗರು ಅಂಥವರಲ್ಲ" ಅನ್ನುವ ಮಾತು ನಾನು ಜಾಸ್ತಿ ಕೇಳಿದ್ದು ಇದೇ ಹಾಲಿನಲ್ಲಿ.

ಮೂರನೆಯದು ಬಿಟ್ಟೆ. ಜೈಲಿನಿಂದ ಬಂದವರಿಗೆ ಕೆಲಸ ಕೊಡುವುದರ ಬಗ್ಗೆ ಇತ್ತು. ಇಲ್ಲಿ ಕಂಪನಿ ನಡೆಸುವವರು ಊಟದ ಹೊತ್ತಿನಲ್ಲಿ ಸಿಗಿ, ತಪ್ಪಿಸಿಕೊಳ್ಳಬೇಡಿ.

ಆ ಖ್ಮೇರ್ ಹುಡುಗನದು ಅರ್ಧಕ್ಕೆ ನಿಂತಿತು. ಹುಡುಗ ಅನ್ನುತ್ತೇನೆ, ತಲೆ ಅರ್ಧ ನರೆತಿತ್ತು. ಬಿಡುಗಡೆಯ ದಿನ ಹತ್ತಿರ ಬಂದ ಹಾಗೆಲ್ಲ ಉಳಿದವರು ದಿನ ಎಣಿಸಿ ಕುಣಿದರೆ ಇವನು ಮಂಕಾಗುತ್ತಿದ್ದ. ಕೊನೆಯ ಸಲ ಸಿಕ್ಕಾಗ, "ಸರ್, ಅಲ್ಲಿ ಚಳಿ ಇರುತ್ತಾ? ಅಮ್ಮ ಸ್ವೆಟರ್ ಕಳಿಸ್ತೀನಿ ಅಂತಾಳೆ" ಅಂದ. ಅಲ್ಲಿ ಸೆಕೆನಪ್ಪಾ, ಬೇಡ ಅಂದೆ. ಬಿಡುಗಡೆಯ ದಿನ ವ್ಯಾನ್ ಗೇಟಿನ ಒಳಗೇ ಬಂದು ನಿಂತಿತ್ತಂತೆ. ಮುಂದಿನ ವಾರ ನಾನು ಹೋದಾಗ ಅವನ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು. ಆವತ್ತಿನ ಪಾಠ ಭಿನ್ನರಾಶಿ, ಹೇಳಿಕೊಟ್ಟು ಬಂದೆ.

ನಮಸ್ಕಾರ.