ಮೇಲಿನ ಹೊಲದವನ ಲೆಕ್ಕ

ನಮಸ್ಕಾರ. ಬೇಸಿಗೆಯಲ್ಲಿ ಚಿಕ್ಕಬಳ್ಳಾಪುರದ ಕಡೆ ಕೆರೆ ಏರಿಗಳ ಮೇಲೆ ಓಡಾಡಿದ್ದರೆ ನೋಡಿರುತ್ತೀರಿ. ಒಣಗಿದ ಕೆರೆಯೊಳಗೆ ಜೆಸಿಬಿ, ಪಕ್ಕದಲ್ಲಿ ಸಾಲಾಗಿ ಟ್ರಾಕ್ಟರ್. ಲೋಡಿಗಿಷ್ಟು ಅಂತ ಕೊಟ್ಟು ರೈತರು ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಲಕ್ಕೆ ಹೊಡೆಸಿಕೊಳ್ಳುತ್ತಾರೆ. ಒಳ್ಳೇದೇ. ಆದರೆ ಆ ಗೋಡು ಬಂದದ್ದೆಲ್ಲಿಂದ? ಮೇಲಿನ ಇಳಿಜಾರು ಹೊಲಗಳಿಂದಲೇ ಅಲ್ವಾ? ಇಳಿಯುವಾಗ ಪುಕ್ಕಟೆ, ಹತ್ತುವಾಗ ಡೀಸೆಲ್ ಖರ್ಚು.

ಒಂದು ಎಕರೆಯಲ್ಲಿ 1 ಮಿಲಿಮೀಟರ್ ಮಣ್ಣು ಹೋದರೆ ಸುಮಾರು 4 ಘನ ಮೀಟರ್, ಅಂದರೆ 5 ಟನ್ನಿನ ಆಸುಪಾಸು. ಕಣ್ಣಿಗೆ ಕಾಣುವುದೇ ಇಲ್ಲ. ಹೋಗುವುದೂ ಗೊಬ್ಬರದ ಸತ್ವ ಹಿಡಿದಿಟ್ಟುಕೊಂಡ ನಯ ಮಣ್ಣು. ಉಳಿಯುವುದು ಗರಸು. ಏಪ್ರಿಲ್-ಮೇ ಗುಡುಗು ಮಳೆ ಬರುವಾಗ ಹೊಲ ಉತ್ತು ಬರಿದಾಗಿರುತ್ತದೆ. ರಾಗಿ ಬಿತ್ತುವುದು ಜುಲೈ ಹೊತ್ತಿಗೆ.

ಬದು ಹಾಕಿ, ಇಳಿಜಾರಿಗೆ ಅಡ್ಡ ಉಳುಮೆ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ರೈತನಿಗೆ ಗೊತ್ತಿಲ್ಲದ್ದೇನಲ್ಲ. ಲೆಕ್ಕ ಹೊಂದುವುದಿಲ್ಲ, ಅಷ್ಟೇ.

ನಂದಿ ಸಾಲಿನ ಬುಡದ ಹೊಲಗಳನ್ನು ನೋಡಿ. ಅಣ್ಣತಮ್ಮಂದಿರು ಪಾಲಾಗುವಾಗ ಕೆಳಗಿನ ಒಳ್ಳೆ ಮಣ್ಣೂ ಮೇಲಿನ ಗರಸೂ ಎಲ್ಲರಿಗೂ ಬರಲಿ ಅಂತ ಮೇಲಿಂದ ಕೆಳಕ್ಕೆ ಉದ್ದಕ್ಕೆ ಸೀಳುತ್ತಾರೆ. ನ್ಯಾಯವಾದ ಪಾಲೇ. ಆದರೆ ಇಪ್ಪತ್ತು ಹೆಜ್ಜೆ ಅಗಲದ ಪಟ್ಟಿಯಲ್ಲಿ ಅಡ್ಡ ಉಳಬೇಕೆಂದರೆ ಟ್ರಾಕ್ಟರ್ ಇನ್ನೇನು ಹೊರಟಿತು ಅನ್ನುವಷ್ಟರಲ್ಲಿ ತಿರುಗಬೇಕು. ಬಾಡಿಗೆ ಗಂಟೆ ಲೆಕ್ಕ. ಹಾಗಾಗಿ ಡ್ರೈವರ್ ಉದ್ದಕ್ಕೇ ಹೊಡೆಯುತ್ತಾನೆ, ಮಾಲೀಕನೂ ಸುಮ್ನೆ ಇರುತ್ತಾನೆ. ಮಳೆ ಬಂದಾಗ ಆ ಸಾಲುಗಳೇ ಕಾಲುವೆ.

ಇನ್ನು ಬದು. ಎಕರೆ ಚೌಕವಾಗಿದ್ದರೆ ಒಂದು ಬದಿ ಸುಮಾರು 64 ಮೀಟರ್. ಒಂದೂವರೆ ಮೀಟರ್ ಅಗಲದ ಎರಡು ಬದು ಹಾಕಿದರೆ ಹತ್ತಿರ ಹತ್ತಿರ 2 ಗುಂಟೆ ಹೋಯಿತು. 40ರಲ್ಲಿ 2. ಬದುವಿನ ಮೇಲೆ ಹುಲ್ಲು ಬರುತ್ತದೆ, ಡೈರಿಗೆ ಹಾಲು ಹಾಕುವ ಮನೆಗೆ ಅದೂ ದುಡ್ಡೇ. ಆದರೆ ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿನ ಮೇಲೆ, ಬೇರೆಯವರ ಹೊಲ ಮಾಡುವವನಿಗೆ? ಮುಂದಿನ ವರ್ಷ ಆ ಹೊಲ ಯಾರ ಕೈಲಿರುತ್ತೋ.

ಲಾಭ ಇಲ್ಲವೇ? ಇದೆ. ಮಳೆ ಕೈಕೊಟ್ಟಾಗ ರಾಗಿಗೆ ತೇವ ಉಳಿಯುತ್ತದೆ. ಉಳಿದ ಲಾಭವೆಲ್ಲ ಕೆಳಗಿನವರಿಗೆ. ಕೆರೆಗೆ ಹೂಳು ಕಡಿಮೆ, ಬೋರ್‌ವೆಲ್‌ಗೆ ನೀರು ಜಾಸ್ತಿ. ಅವರ್‍ಯಾರೂ ಮೇಲಿನವನಿಗೆ ಒಂದು ರೂಪಾಯಿ ಕೊಡುವುದಿಲ್ಲ.

ಸರ್ಕಾರ ಕೊಟ್ಟಿಲ್ಲವೇ ಅಂದರೆ, ಕೊಟ್ಟಿದೆ. ವಿಶ್ವಬ್ಯಾಂಕ್ ನೆರವಿನ ಸುಜಲಾ ಜಲಾನಯನ ಯೋಜನೆ 2001ರಲ್ಲಿ ಶುರುವಾದಾಗ ಐದು ಜಿಲ್ಲೆಗಳಲ್ಲಿ ಕೋಲಾರ, ತುಮಕೂರು ಎರಡೂ ಇದ್ದವು. ಚಿಕ್ಕಬಳ್ಳಾಪುರ ಆಗ ಕೋಲಾರದಲ್ಲೇ ಇತ್ತು. ಆಮೇಲೆ ಉದ್ಯೋಗ ಖಾತ್ರಿಯಲ್ಲೂ ಬದು ಹಾಕಿಸಿದರು. ಆದರೆ ದುಡ್ಡು ಬದು ಹಾಕುವುದಕ್ಕೆ, ಕಾಯುವುದಕ್ಕಲ್ಲ. ಬದುವಿನಲ್ಲಿ ಇಲಿ ಒಂದು ಬಿಲ ತೋಡಿದರೆ ಸಾಕು. ಅಷ್ಟಗಲಕ್ಕೆ ನಿಂತ ನೀರು ಅದೊಂದೇ ಕಿಂಡಿಗೆ ನುಗ್ಗುತ್ತದೆ. ಬೆಳಗಾಗುವಷ್ಟರಲ್ಲಿ ಕೊರಕಲು. ಒಡೆದ ಬದುವಿಗಿಂತ ಬದು ಇಲ್ಲದಿರುವುದೇ ವಾಸಿ.

ಹೆಬ್ಬಾಳ-ನಾಗವಾರ ಕಣಿವೆ ಯೋಜನೆಗೆ ನೂರಾರು ಕೋಟಿ ಸುರಿದು, ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಪೈಪಿನಲ್ಲಿ ನಮ್ಮ ಕೆರೆಗಳಿಗೆ ತಂದಿದ್ದಾರೆ. ಆ ಕೆರೆಗಳಿಗೆ ಹೂಳು ಇಳಿಯದಂತೆ ತಡೆಯುವವನಿಗೂ ಕೂಲಿ ಕೊಡಬೇಕು ಅನ್ನುವುದು ನನ್ನ ವಾದ. ಹೂಳೆತ್ತುವ ಹಣದಲ್ಲೇ ಒಂದು ಪಾಲು ತೆಗೆದಿಡಿ. ಮೊದಲ ಮಳೆ ಆದ ಮೇಲೆ ಟೇಪ್ ಹಿಡಿದು ಹೋಗಿ, ಗಟ್ಟಿಯಾಗಿ ನಿಂತ ಬದುವಿಗೆ ಮೀಟರ್ ಲೆಕ್ಕದಲ್ಲಿ ಕೊಡಿ. ಪ್ರತಿ ವರ್ಷ ಕೊಡಿ.

ಎಲ್ಲರೂ ಬಂದು ಕೇಳುತ್ತಾರೆ ಅಂತೀರಾ? ಕೇಳಲಿ, ಬದು ಬಚ್ಚಿಡೋಕೆ ಆಗಲ್ಲ, ಅಳೆದು ನೋಡಬಹುದು. ಕಷ್ಟ ಇರುವುದು ಬೇರೆ ಕಡೆ. ವಾರಕ್ಕೆ ಮಾಡುವವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ದುಡ್ಡು ಪಹಣಿದಾರನ ಖಾತೆಗೆ ಹೋದರೆ ಗುದ್ದಲಿ ಹಿಡಿದವನಿಗೆ ಏನೂ ಸಿಗಲ್ಲ. ಈ ಪಾವತಿಯನ್ನಾದರೂ ಉಳುವವನ ಹೆಸರಿಗೇ ಬರೆಯಬೇಕು. ಜಮೀನಿನ ಮಾಲೀಕರು ಇದಕ್ಕೆ ಒಪ್ಪುತ್ತಾರಾ? ಕಾಮೆಂಟಿನಲ್ಲಿ ಜಗಳ ಆಡೋಣ ಬನ್ನಿ.