ಹಿಮಸಾಗರದಲ್ಲಿ ಎರಡು ಕಯಾಕ್

ಕೇಳುಗರೆಲ್ಲರಿಗೂ ನಮಸ್ಕಾರ.

ಗ್ರೀನ್‌ಲ್ಯಾಂಡಿನಲ್ಲಿ ದೋಣಿ ಕಟ್ಟುವಂಥ ಮರ ಬೆಳೆಯುವುದಿಲ್ಲ. ಆದರೂ ಅಲ್ಲಿನ ಇನೂಯಿಟ್ ಜನ ಶತಮಾನಗಳಿಂದ ದೋಣಿ ಕಟ್ಟುತ್ತ ಬಂದವರು. ಅವರಿಗೆ ಮರ ತಂದುಕೊಡುತ್ತಿದ್ದುದು ಸಮುದ್ರ. ಸೈಬೀರಿಯಾದ ನದಿಗಳು ಕಡಲಿಗೆ ಕೊಚ್ಚಿ ತಂದ ದಿಮ್ಮಿಗಳು ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡು, ಅದರೊಂದಿಗೇ ತೇಲುತ್ತ ಆರ್ಕ್ಟಿಕ್ ಸಾಗರವನ್ನು ದಾಟಿ, ಕೆಲವು ವರ್ಷಗಳ ನಂತರ ಗ್ರೀನ್‌ಲ್ಯಾಂಡಿನ ದಡ ಸೇರುತ್ತಿದ್ದವು. ಆ ಮರವನ್ನು ತೆಳುವಾದ ಪಟ್ಟಿಗಳಾಗಿ ಸೀಳಿ, ಚರ್ಮದ ದಾರದಿಂದ ಬಿಗಿದು ಹಂದರ ಕಟ್ಟುತ್ತಿದ್ದರು. ಮೇಲೆ ಸೀಲ್ ಎಂಬ ಕಡಲಪ್ರಾಣಿಯ ಚರ್ಮದ ಹೊದಿಕೆ. ಅದೇ ಕಯಾಕ್. ನಮ್ಮ ತುಂಗಭದ್ರೆಯ ಹರಿಗೋಲಿಗೂ ಹಿಂದೆ ಚರ್ಮದ ಹೊದಿಕೆಯೇ ಇತ್ತು. ಆದರೆ ಹರಿಗೋಲು ದುಂಡಗೆ, ಹಲವರನ್ನು ಹೊರುವಂಥದು. ಕಯಾಕ್ ಉದ್ದಕ್ಕೆ, ಕಿರಿದಾಗಿ, ಒಬ್ಬನೇ ಬೇಟೆಗಾರನ ತೋಳು, ಸೊಂಟ, ಕಾಲುಗಳ ಅಳತೆ ಹಿಡಿದು ಕಟ್ಟಿದ್ದು.

ಹೊಲಿಗೆ ಹೆಂಗಸರ ಕೆಲಸ. ಸೂಜಿ ಚರ್ಮದ ಅರ್ಧ ದಪ್ಪದವರೆಗೆ ಮಾತ್ರ ಇಳಿಯಬೇಕು, ಆಚೆ ಬದಿಗೆ ತೂತು ಬೀಳಬಾರದು. ಹಾಗೆ ಹೊಲಿದರೆ ನೀರು ನುಸುಳುವುದಿಲ್ಲ. ಬೇಟೆಗಾರ ತೊಟ್ಟ ಚರ್ಮದ ಅಂಗಿಯ ಅಂಚನ್ನು ಅವನು ಕೂರುವ ಕಿಂಡಿಯ ಸುತ್ತಲ ಬಳೆಗೆ ಬಿಗಿಯುತ್ತಾರೆ. ದೋಣಿ ಮಗುಚಿದರೆ ಅವನು ಹೊರಗೆ ಬರುವುದಿಲ್ಲ. ತಲೆಕೆಳಗಾಗಿದ್ದುಕೊಂಡೇ ನೀರಿನಲ್ಲಿ ಹುಟ್ಟನ್ನು ಬೀಸಿ, ದೋಣಿಯ ಸಮೇತ ಮೇಲೇಳುತ್ತಾನೆ. ಇದನ್ನು ಆಟವೆಂದು ತಿಳಿಯಬೇಡಿ. ಆ ಕಡಲಿನ ಉಪ್ಪುನೀರು ಹೆಪ್ಪುಗಟ್ಟುವುದು ಸೊನ್ನೆಗಿಂತ ಸುಮಾರು 1.8 ಡಿಗ್ರಿ ಕೆಳಗೆ. ಅಂಥ ನೀರಿಗೆ ಬಿದ್ದವನಿಗೆ ಮೊದಲ ನಿಮಿಷದಲ್ಲೇ ಉಸಿರು ಹತೋಟಿ ತಪ್ಪುತ್ತದೆ. ಸ್ವಲ್ಪ ಹೊತ್ತಿನಲ್ಲೇ ಕೈಬೆರಳುಗಳು ಹೇಳಿದ ಮಾತು ಕೇಳುವುದಿಲ್ಲ.

ಈ ವಿದ್ಯೆಯನ್ನು ಅವರಿಂದ ಕಲಿಯಲು ಕುಳಿತ ಹೊರಗಿನವರಲ್ಲಿ ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಒಬ್ಬ. 1888ರಲ್ಲಿ ಐವರು ಸಂಗಾತಿಗಳೊಂದಿಗೆ ಗ್ರೀನ್‌ಲ್ಯಾಂಡಿನ ಹಿಮಹಾಸನ್ನು ದಾಟಿ, ಈಗ ನೂಕ್ ಎಂದು ಕರೆಯುವ ಊರನ್ನು ತಲುಪುವ ಹೊತ್ತಿಗೆ ವರ್ಷದ ಕೊನೆಯ ಹಡಗು ಕೈತಪ್ಪಿತ್ತು. ಚಳಿಗಾಲವಿಡೀ ಅಲ್ಲೇ ಉಳಿಯಬೇಕಾಯಿತು. ಆ ಹಡಗು ತಪ್ಪಿದ್ದು ಅವನ ಪುಣ್ಯ ಎಂದೇ ನಾನು ನಂಬಿದ್ದೇನೆ. ಇನೂಯಿಟ್ ಬೇಟೆಗಾರರೊಂದಿಗೆ ತಿರುಗಾಡಿ, ಅವರ ಊಟ ಉಂಡು, ಕಯಾಕ್ ನಡೆಸುವುದನ್ನು ಕಲಿತ.

ದಿಮ್ಮಿಗಳನ್ನು ತೇಲಿಸಿ ತರುವ ಪ್ರವಾಹದ ಮೇಲೂ ಅವನಿಗೆ ಕಣ್ಣು ಬಿದ್ದಿತ್ತು. 1881ರಲ್ಲಿ ಸೈಬೀರಿಯಾದ ಉತ್ತರಕ್ಕೆ ಮುಳುಗಿದ ಜೀನೆಟ್ ಎಂಬ ಅಮೆರಿಕದ ಹಡಗಿನ ಸಾಮಾನುಗಳು 1884ರಲ್ಲಿ ಗ್ರೀನ್‌ಲ್ಯಾಂಡಿನ ನೈಋತ್ಯ ಕರಾವಳಿಯಲ್ಲಿ ಸಿಕ್ಕಿದ್ದವು. ಮರ ಬರುವುದಾದರೆ, ಮುರಿದ ಹಡಗಿನ ಚೂರು ಬರುವುದಾದರೆ, ಗಟ್ಟಿಯಾದ ಹಡಗೊಂದನ್ನು ಬೇಕೆಂದೇ ಮಂಜುಗಡ್ಡೆಗೆ ಸಿಕ್ಕಿಸಿ ಧ್ರುವದ ಕಡೆಗೆ ತೇಲಿಬಿಡಬಾರದೇಕೆ? ಹಾಗೆ ಹುಟ್ಟಿದ್ದು ಫ್ರಾಮ್ ಹಡಗು. 1893ರಲ್ಲಿ ಹೊರಟಿತು, ಹಿಮದಲ್ಲಿ ಸೆರೆಯಾಯಿತು, ಆದರೆ ಧ್ರುವದಿಂದ ದೂರವೇ ತೇಲತೊಡಗಿತು. 1895ರ ಮಾರ್ಚ್ 14ರಂದು ನಾನ್ಸೆನ್ ಮತ್ತು ಯಾಲ್ಮರ್ ಯೋಹಾನ್ಸೆನ್ ಹಡಗನ್ನು ಬಿಟ್ಟು, ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಧ್ರುವದತ್ತ ಹೊರಟರು. ಜೊತೆಗೆ 28 ನಾಯಿಗಳು, ಮೂರು ಜಾರುಬಂಡಿಗಳು, ಎರಡು ಕಯಾಕ್‌ಗಳು. ಅವುಗಳಿಗೆ ಬಿದಿರಿನ ಹಂದರ, ಹಾಯಿಬಟ್ಟೆಯ ಹೊದಿಕೆ.

ಏಪ್ರಿಲ್‌ನಲ್ಲಿ 86 ಡಿಗ್ರಿ ಅಕ್ಷಾಂಶವನ್ನು ದಾಟಿ, ಅಲ್ಲಿಯವರೆಗೆ ಯಾರೂ ಮುಟ್ಟದ ಉತ್ತರವನ್ನು ಮುಟ್ಟಿ ಹಿಂತಿರುಗಿದರು. ದಾರಿಯಲ್ಲಿ ನಾಯಿಗಳನ್ನು ಒಂದೊಂದಾಗಿ ಕೊಂದು ಉಳಿದ ನಾಯಿಗಳಿಗೆ ಉಣಿಸಬೇಕಾಯಿತು. ಆಗಸ್ಟಿನಲ್ಲಿ ತೆರೆದ ಕಡಲು ಎದುರಾದಾಗ ಉಳಿದಿದ್ದು ಎರಡೇ. ತನ್ನ ನಾಯಿಯನ್ನು ತಾನೇ ಕೊಲ್ಲಲಾರದೆ ಒಬ್ಬನ ನಾಯಿಗೆ ಇನ್ನೊಬ್ಬ ಗುಂಡು ಹಾರಿಸಿದ. ಎರಡು ಕಯಾಕ್‌ಗಳನ್ನು ಜೋಡಿಸಿ ಕಟ್ಟಿ, ಹಾಯಿ ಏರಿಸಿ ಫ್ರಾಂಜ್ ಜೋಸೆಫ್ ದ್ವೀಪಗಳ ನಡುವೆ ಸಾಗಿದರು. ಚಳಿಗಾಲವನ್ನು ಕಲ್ಲಿನ ಗೋಡೆ, ವಾಲ್ರಸ್ ಎಂಬ ಕೋರೆಯ ಕಡಲಪ್ರಾಣಿಯ ಚರ್ಮದ ಮಾಡಿನ ಗುಡಿಸಲಲ್ಲಿ ಕರಡಿ ಮಾಂಸ ತಿನ್ನುತ್ತ ಕಳೆದರು.

1896ರ ಮೇ ತಿಂಗಳಲ್ಲಿ ಮತ್ತೆ ಪಯಣ. ಜೂನ್ 12ರಂದು ಮರಗಟ್ಟಿದ ಕಾಲುಗಳನ್ನು ಸಡಿಲಿಸಲು ಮಂಜುಗಡ್ಡೆಯ ಅಂಚಿಗೆ ದೋಣಿ ಕಟ್ಟಿ, ದಿಬ್ಬವೊಂದನ್ನು ಹತ್ತಿದರು. ಚರ್ಮದ ಹಗ್ಗ ಬಿಚ್ಚಿಕೊಂಡಿತು. ಮೊದಲು ಕಂಡವನು ಯೋಹಾನ್ಸೆನ್. ಗಾಳಿಗೆ ಸಿಕ್ಕ ಕಯಾಕ್‌ಗಳು ಆಗಲೇ ದೂರ ಸರಿಯುತ್ತಿದ್ದವು. ಆಹಾರ, ಬಂದೂಕು, ಮದ್ದುಗುಂಡು, ಎಲ್ಲವೂ ಅದರಲ್ಲೇ. ನಾನ್ಸೆನ್ ಗಡಿಯಾರವನ್ನು ಸಂಗಾತಿಯ ಕೈಗಿತ್ತು, ಮೇಲಂಗಿಯನ್ನಷ್ಟೇ ಕಳಚಿ ನೀರಿಗೆ ಹಾರಿದ. ಈಜಿದಂತೆಲ್ಲ ದೋಣಿ ದೂರ ಹೋಗುತ್ತಿತ್ತು. ದಣಿದಾಗ ಅಂಗಾತ ಮಲಗಿ ಈಜಿದ. ದಡದಲ್ಲಿ ಯೋಹಾನ್ಸೆನ್ ನಿಂತಲ್ಲಿ ನಿಲ್ಲಲಾರದೆ ಅತ್ತಿಂದಿತ್ತ ಓಡಾಡುವುದು ಅವನಿಗೆ ಕಾಣುತ್ತಿತ್ತು. ಕೊನೆಗೂ ದೋಣಿಗೆ ಅಡ್ಡವಾಗಿದ್ದ ಸ್ಕೀಯೊಂದು ಕೈಗೆ ಸಿಕ್ಕಿತು. ಹತ್ತಲು ಹೋದರೆ ಮೈ ಸೆಟೆದು ಮರವಾಗಿದೆ. ದೋಣಿಯ ಮೇಲಿದ್ದ ಜಾರುಬಂಡಿಯ ಅಂಚಿಗೆ ಹೇಗೋ ಒಂದು ಕಾಲು ಹಾಕಿ, ಮೈಯನ್ನು ಎಳೆದುಕೊಂಡ. ಹಲ್ಲು ಕಟಕಟಿಸುತ್ತ ಹುಟ್ಟು ಹಾಕಿಕೊಂಡು ಬರುವಾಗ ಎದುರಿಗೆ ಎರಡು ಕಡಲ ಹಕ್ಕಿಗಳು ಕಂಡವು. ಬಂದೂಕೆತ್ತಿ ಎರಡನ್ನೂ ಹೊಡೆದುರುಳಿಸಿದ! ಇವನಿಗೆ ತಲೆ ಕೆಟ್ಟಿತೆಂದೇ ಯೋಹಾನ್ಸೆನ್ ಭಾವಿಸಿದ. ಆ ರಾತ್ರಿಯ ಊಟಕ್ಕೆ ಅವೇ ಹಕ್ಕಿಗಳು.

ಮೂರು ದಿನಗಳ ನಂತರ ವಾಲ್ರಸ್ ಒಂದು ಕೋರೆಯಿಂದ ನಾನ್ಸೆನ್‌ನ ಕಯಾಕ್ ತಳವನ್ನು ಸೀಳಿತು. ದೋಣಿ ಮುಳುಗುವ ಮುನ್ನ ಮಂಜುಗಡ್ಡೆ ಸೇರಿ ರಿಪೇರಿಗೆ ಕುಳಿತರು. ಜೂನ್ 17ರಂದು ದೂರದಲ್ಲಿ ನಾಯಿಗಳ ಬೊಗಳು ಕೇಳಿಸಿತು. ಬ್ರಿಟನ್ನಿನ ಫ್ರೆಡರಿಕ್ ಜಾಕ್ಸನ್ ತಂಡ ಬೀಡುಬಿಟ್ಟಿದ್ದ ಜಾಗವದು. ಆಗಸ್ಟಿನಲ್ಲಿ ಇಬ್ಬರೂ ನಾರ್ವೆ ಮುಟ್ಟಿದರು. ಕೆಲವೇ ದಿನಗಳಲ್ಲಿ ಫ್ರಾಮ್ ಹಡಗೂ ಸುರಕ್ಷಿತವಾಗಿ ಬಂತು.

ನಾನ್ಸೆನ್‌ನ ಧೈರ್ಯ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪಯಣದ ಕಥೆಯನ್ನು ಹೇಳುವಾಗಲೆಲ್ಲ ಅವನಿಗೆ ಹುಟ್ಟು ಹಿಡಿಯಲು ಕಲಿಸಿದವರು, ಸೂಜಿ ಹಿಡಿದ ಹೆಂಗಸರು ಬದಿಗೆ ಸರಿದುಬಿಡುತ್ತಾರೆ. ಇದು ನನಗೆ ಸರಿ ಕಾಣುವುದಿಲ್ಲ. ದಾರಿಯಿಲ್ಲದ ಕಡಲಲ್ಲಿ ಆ ಇಬ್ಬರನ್ನು ಉಳಿಸಿದ ದೋಣಿಯ ರೂಪ ಯುರೋಪಿನದಲ್ಲ. ಸೀಲ್ ಹಿಂದೆ ಹೋಗಿ ಮರಳಿ ಬಾರದ ಎಷ್ಟೋ ಬೇಟೆಗಾರರ ಅನುಭವ ಅದರ ಪ್ರತಿಯೊಂದು ಬಾಗಿನಲ್ಲಿದೆ.

ಈಗ ಉತ್ತರದ ಸ್ವಾಲ್ಬಾರ್ಡ್ ದ್ವೀಪಗಳಿಗೆ, ಅಂಟಾರ್ಕ್ಟಿಕಾಕ್ಕೆ ಹೋಗುವ ಪ್ರವಾಸಿಗರು ನೀರು ಒಳನುಗ್ಗದ ಉಡುಪು ತೊಟ್ಟು ಪ್ಲಾಸ್ಟಿಕ್ ಕಯಾಕ್‌ಗಳಲ್ಲಿ ಕೂರುತ್ತಾರೆ. ಗ್ರೀನ್‌ಲ್ಯಾಂಡಿನಲ್ಲಿ ಬೇಟೆಗೆ ಮೋಟಾರು ದೋಣಿ ಬಂದ ಮೇಲೆ ಕಯಾಕ್ ಮೂಲೆಗೆ ಸೇರಿತ್ತು. 1980ರ ದಶಕದಲ್ಲಿ ಅಲ್ಲಿನ ಯುವಕರು ಸಂಘ ಕಟ್ಟಿ, ಹಿರಿಯರಿಂದ ಮಗುಚಿ ಏಳುವ ಹತ್ತಾರು ಬಗೆಗಳನ್ನು ಕಲಿತು ಸ್ಪರ್ಧೆ ನಡೆಸತೊಡಗಿದರು. ವಾಯವ್ಯ ತುದಿಯ ಕಾನಾಕ್ ಪ್ರದೇಶದಲ್ಲಂತೂ ಕಯಾಕ್ ಇಂದಿಗೂ ಬೇಟೆಯ ದೋಣಿಯೇ. ನಾರ್ವಾಲ್ ಎಂಬ, ಕೊಂಬಿನಂಥ ಉದ್ದ ಹಲ್ಲಿನ ತಿಮಿಂಗಿಲ ಮೋಟಾರಿನ ಸದ್ದಿಗೆ ಬೆದರಿ ಓಡುತ್ತದೆ. ಹಾಗಾಗಿ ಬೇಟೆಗಾರ ಸದ್ದಿಲ್ಲದೆ ಕಯಾಕ್‌ನಲ್ಲಿ ಹತ್ತಿರ ಹೋಗಿ ಮೊದಲು ಈಟಿಯನ್ನೇ ಎಸೆಯುತ್ತಾನೆ.

ನಮಸ್ಕಾರ.