ಜೊತೆಗಾರರನ್ನ ಮೆನುವಿನಲ್ಲಿ ಕೊಳೆಸಬೇಡಿ, ಕರೀರಿ!

ನಮಸ್ಕಾರ, ನಮಸ್ಕಾರ. ಇಲ್ಲಿ ಕಾರವಾರದಲ್ಲಿ ಹೊರಗೆ ಮಳೆ ಹೊಯ್ತಾ ಉಂಟು, ಕರೆಂಟ್ ಯಾವ ಗಳಿಗೆಗೆ ಹೋಗ್ತದೋ ಗೊತ್ತಿಲ್ಲ. ಅದಕ್ಕೆ ಇವತ್ತು ಪೀಠಿಕೆ ಗೀಠಿಕೆ ಎಂತದೂ ಇಲ್ಲ. ನೇರ ಜಗಳ.

ಹೋದ ವಿಡಿಯೋದಲ್ಲಿ ನಾನು ‘ರೈಸ್ ಆಫ್ ದ ರೋನಿನ್’ ಅನ್ನೋ ವಿಡಿಯೋ ಗೇಮ್ ಆಡ್ತಿದ್ದೆ, ನೋಡಿದ್ದೀರಲ್ಲ. ಅದರ ಕೆಳಗೆ ಒಬ್ಬ ಮಹಾನುಭಾವ ಬರೆದಿದ್ದಾನೆ: “ಇಬ್ಬರನ್ನ ಬೆನ್ನಿಗೆ ಕಟ್ಕೊಂಡು ಬಾಸ್ ಹೊಡೆಯೋದು ಒಂದು ಆಟವಾ? ನಿಜವಾದ ಸಮುರಾಯ್ ಒಬ್ಬನೇ ಹೋಗ್ತಾನೆ.” ಬಾಸ್ ಅಂದ್ರೆ ಮಿಷನ್ನಿನ ದೊಡ್ಡ ಎದುರಾಳಿ. ಆ ಕಮೆಂಟಿಗೆ ಲೈಕ್ ಮೇಲೆ ಲೈಕ್. ನನ್ನ ವಿಡಿಯೋಕ್ಕೆ ಬಂದವರಿಗಿಂತ ಆ ಕಮೆಂಟ್ ಓದೋಕೆ ಬಂದವರೇ ಹೆಚ್ಚು ಅಂತ ಕಾಣ್ತದೆ.

ತಮಾ, ಕೂತ್ಕೋ. ಇವತ್ತಿನ ಇಡೀ ವಿಡಿಯೋ ನಿನಗೇ.

ನನ್ನ ಮಾತು ಒಂದೇ. ಆಟದವರು ಜೊತೆಗಾರರನ್ನ ಕೊಟ್ಟಿದ್ದಾರೆ ಅಂದ್ರೆ ಕರೀರಿ. ಕರೆದು ಕೆಲಸಕ್ಕೆ ಹಚ್ಚಿ. ಮೆನುವಿನೊಳಗೆ ತೂಗುಹಾಕಿ ಇಡ್ಬೇಡಿ. ಇಷ್ಟೇಯಾ. ಇಷ್ಟಕ್ಕೆ ವಿಡಿಯೋ ಎಂತಕ್ಕೆ ಅಂದ್ರೆ, ಇಷ್ಟೂ ತಲೆಗೆ ಹೋಗದವರು ಇದ್ದಾರೆ, ಅದಕ್ಕೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಟೀಮ್ ನಿಂಜಾದವರು ಮಾಡಿದ್ದು, 2024ರ ಮಾರ್ಚ್ 22ಕ್ಕೆ ಪ್ಲೇಸ್ಟೇಷನ್ 5ಕ್ಕೆ ಬಂತು, ಮರುವರ್ಷ ಪಿಸಿಗೂ ಬಂತು. ಕಾಲ ಶೋಗುನ್, ಅಂದ್ರೆ ಜಪಾನನ್ನ ಆಳ್ತಿದ್ದ ಸೇನಾಧಿಪತಿ, ಅವನ ಆಡಳಿತದ ಕೊನೆಗಾಲ. 1853ರಲ್ಲಿ ಅಮೆರಿಕದ ನೌಕಾಪಡೆಯ ಪೆರ್ರಿ ಕಪ್ಪು ಹಡಗು ತಂದು ನಿಲ್ಲಿಸಿದ ಮೇಲೆ ಜಪಾನಿನಲ್ಲಿ ಎರಡು ಪಕ್ಷ ಆಯ್ತು: ಶೋಗುನ್ ಉಳೀಬೇಕು ಅನ್ನೋರು, ಉರುಳಬೇಕು ಅನ್ನೋರು. ನೀವು ಯೊಕೊಹಾಮಾ, ಎಡೋ, ಕ್ಯೋಟೋ ಮೂರೂ ಕಡೆ ಕುದುರೆ ಮೇಲೆ ತಿರುಗ್ತಾ ಎರಡೂ ಪಕ್ಷದವರ ಹತ್ತಿರ ಗುರುತು ಮಾಡ್ಕೊಳ್ತೀರಿ. ಸಕಾಮೊಟೊ ರ್ಯೋಮಾ, ಕತ್ಸುರಾ ಕೊಗೊರೊ, ತಕಸುಗಿ ಶಿನ್ಸಾಕು ಉರುಳಬೇಕು ಅನ್ನೋರ ಕಡೆ. ಶೋಗುನ್ ಪರ ಇದ್ದ ಶಿನ್‌ಸೆನ್‌ಗುಮಿ ಪಡೆಯ ಕೊಂಡೊ, ಹಿಜಿಕಾತಾ, ಒಕಿತಾ ಇನ್ನೊಂದು ಕಡೆ. ಎಲ್ಲಾ ಇತಿಹಾಸದಲ್ಲಿ ಇದ್ದವರೇ.

ಇವರ ಹತ್ತಿರ ಮಾತಾಡಿ, ಯಾರಿಗೆ ಎಂತ ಇಷ್ಟ ನೋಡ್ಕೊಂಡು ಉಡುಗೊರೆ ಕೊಡಿ, ಅವರ ಕೆಲಸ ಮಾಡ್ಕೊಡಿ. ಬಾಂಡ್, ಅಂದ್ರೆ ಸ್ನೇಹದ ಮಟ್ಟ, ಏರ್ತಾ ಹೋಗ್ತದೆ, ಅದರ ಜೊತೆ ಹೊಸ ಹೊಸ ಕತ್ತಿವರಸೆ ಕೈಗೆ ಬರ್ತದೆ. ಮಿಷನ್ನಿಗೆ ಹೊರಡುವಾಗ ಯಾರು ಯಾರು ಸಿಗ್ತಾರೆ ಅಂತ ಪಟ್ಟಿ ತೋರಿಸ್ತದೆ, ಇಬ್ಬರವರೆಗೆ ಕರ್ಕೊಂಡು ಹೋಗಬಹುದು. ರ್ಯೋಮಾನನ್ನ ಕರ್ಕೊಂಡು ಹೋದ್ರೆ, ಹೊಡೆದಾಟದ ಮಧ್ಯೆ ಬಟನ್ ಒತ್ತಿದ್ರೆ ನೀವೇ ರ್ಯೋಮಾ ಆಗ್ತೀರಿ. ಇಷ್ಟೆಲ್ಲ ಮಾಡಿ, ಊರೆಲ್ಲ ತಿರುಗಿ ಉಡುಗೊರೆ ಹಂಚಿ, ಕೊನೆಗೆ ಬಾಗಿಲ ಹತ್ತಿರ ನಿಂತು “ನೀವು ಮನೆಲೇ ಇರಿ, ನಾನೊಬ್ಬ ಹೋಗಿ ಬರ್ತೆ” ಅಂತೀರಲ್ಲ. ಎಂತಕ್ಕೆ ಮಾರಾಯ್ರೆ? ಉಡುಗೊರೆ ಕೊಟ್ಟಿದ್ದು ಪುಣ್ಯಕ್ಕಾ?

“ಅಣ್ಣಾ, ಜೊತೆಗಾರರಿಗೆ ಬುದ್ಧಿ ಇಲ್ಲ, ಸುಮ್ಮನೆ ನಿಂತಿರ್ತಾರೆ.” ಇದೊಂದು ವಾದ. ಬುದ್ಧಿ ಇಲ್ಲದ್ದು ಯಾರಿಗೆ ಅಂತ ಆಮೇಲೆ ನೋಡುವ. ಬಾಸ್ ಒಬ್ಬನೇ ಇರ್ತಾನೆ, ಅವನ ಕಣ್ಣು ಒಂದೇ ಕಡೆ ಹೋಗ್ತದೆ. ಅವನು ರ್ಯೋಮಾನ ಕಡೆ ತಿರುಗಿದ ಅಂದ್ರೆ ಬೆನ್ನು ನಿಮ್ಮ ಕಡೆ. ಆಗ ಹೊಡೀರಿ, ಅವನ ಕಿ, ಅಂದ್ರೆ ದಮ್ಮು, ಇಳೀತದೆ. ನಿಮ್ಮ ಕಡೆ ತಿರುಗಿದ ಅಂದ್ರೆ ಸಮಯ ನೋಡಿ ತಡೀರಿ, ಅಷ್ಟರಲ್ಲಿ ಅವರು ಹಿಂದಿಂದ ಹೊಡೀತಾರೆ. ವರಸೆಯಲ್ಲೂ ಲೆಕ್ಕ ಉಂಟು. ಒಂದು ಆಯುಧಕ್ಕೆ ಒಂದು ವರಸೆ ನಾಟ್ತದೆ, ಇನ್ನೊಂದು ನಾಟೋದಿಲ್ಲ. ನಿಮ್ಮ ಕೈಯಲ್ಲಿ ಇಲ್ಲದ್ದು ಜೊತೆಗಾರನ ಕೈಯಲ್ಲಿ ಇದ್ರೆ ಅವನ ಮೈಗೆ ಹೋಗಿ. ನೀವು ಬಿದ್ರೂ ಆಟ ಮುಗಿಯೋದಿಲ್ಲ, ನಿಂತವನ ಮೈಗೆ ಹೋಗಿ ಮುಂದುವರಿಸಬಹುದು. ಇದಕ್ಕೆ ತಲೆ ಬೇಕಾಗ್ತದೆ. ಒಬ್ಬನೇ ಹೋಗಿ ಉರುಳಿ ಉರುಳಿ ತಪ್ಪಿಸ್ಕೊಳ್ಳೋಕೆ ಹೆಬ್ಬೆರಳೊಂದಿದ್ರೆ ಸಾಕು.

ಹ್ಞಾಂ, ಚಾನೆಲ್ಲಿಗೆ ಹೊಸಬರು ಇದ್ರೆ ಸಬ್‌ಸ್ಕ್ರೈಬ್ ಒತ್ತಿ. ಬೆಲ್ ಕೂಡ. ಇದನ್ನ ಮಧ್ಯದಲ್ಲೇ ಹೇಳ್ತೇನೆ ಯಾಕಂದ್ರೆ ಕೊನೆವರೆಗೆ ನೀವು ಯಾರೂ ಇರೋದಿಲ್ಲ, ನನಗೆ ಗ್ರಾಫ್ ಕಾಣ್ತದೆ.

ಇನ್ನು “ಸುಲಭ ಆಗಿಬಿಡ್ತದೆ” ಅನ್ನೋರು. ನಮ್ಮ ಕಡಲತೀರದಲ್ಲಿ ರಂಪಣಿ ಬಲೆ ಎಳೆಯೋದು ನೋಡಿದವರಿಗೆ ಗೊತ್ತು. ದೋಣಿಯವರು ಬಲೆ ಬಿಡ್ತಾ ಸುತ್ತು ಹಾಕಿ ಬರ್ತಾರೆ, ಆಮೇಲೆ ದಡದಲ್ಲಿ ಎರಡೂ ತುದಿಗೆ ಹತ್ತಾರು ಜನ ನಿಂತು ಎಳೀಬೇಕು. ಅಲ್ಲಿಗೆ ಒಬ್ಬ ಬಂದು “ಎಲ್ಲ ಬಿಡಿ, ಸುಲಭ ಆಗ್ತದೆ, ನಾನೊಬ್ಬನೇ ಎಳೀತೆ” ಅಂದ್ರೆ ಅವನಿಗೆ ಶೂರ ಅಂತ ಹೆಸರಿಡ್ತಾರಾ? ಬೈದು ಕಳಿಸ್ತಾರೆ. ಬಲೆಯನ್ನ ಜನ ಸೇರಿ ಎಳೆಯೋಕೆ ಅಂತಲೇ ಕಟ್ಟಿದ್ದು. ಈ ಆಟದ ಮಿಷನ್ನೂ ಹಾಗೇ ಕಟ್ಟಿದ್ದು. ಕರೀರಿ ಅಂತಲೇ ಕಟ್ಟಿದ್ದು. ಕರೀರಿ!

ಈಗ ಬರುವ, “ನಿಜವಾದ ಸಮುರಾಯ್ ಒಬ್ಬನೇ ಹೋಗ್ತಾನೆ.” ಇದು ಯಾವ ಪುಸ್ತಕದಲ್ಲಿ ಉಂಟು ತಮಾ? ರ್ಯೋಮಾನದೇ ಕಥೆ ತಗೋ. 1866, ಕ್ಯೋಟೋ ಪಕ್ಕದ ಫುಶಿಮಿ, ತೆರಾದಾಯಾ ಅಂತ ಒಂದು ವಸತಿಗೃಹ. ಸತ್ಸುಮಾ ಮತ್ತು ಚೋಶೂ, ಹಾವು ಮುಂಗುಸಿ ಹಾಗಿದ್ದ ಎರಡು ಸಂಸ್ಥಾನಗಳನ್ನ ಆಗಷ್ಟೇ ಒಂದು ಮಾಡಿ ಬಂದು ಇಳ್ಕೊಂಡಿದ್ದಾನೆ. ರಾತ್ರಿ ಶೋಗುನ್ ಕಡೆಯವರು ಮನೆ ಸುತ್ತುವರಿದರು. ಮೊದಲು ತಿಳಿದದ್ದು ಯಾರಿಗೆ? ಅವನ ಹೆಂಡತಿ ಆಗಲಿದ್ದ ಒರ್ಯೋಗೆ. ಸ್ನಾನ ಮಾಡ್ತಿದ್ದವಳು ಹಾಗೇ ಎದ್ದು ಮಹಡಿಗೆ ಓಡಿ ಹೇಳಿದಳು. ಕೋಣೆಯಲ್ಲಿ ಈಟಿ ಹಿಡಿದು ಪಕ್ಕಕ್ಕೆ ನಿಂತವನು ಮಿಯೋಶಿ ಶಿನ್ಝೋ. ರ್ಯೋಮಾನ ಕೈಯಲ್ಲಿದ್ದ ಪಿಸ್ತೂಲು? ಅದೂ ತಕಸುಗಿ ಕೊಟ್ಟದ್ದು. ಕೈಗೆ ಗಾಯ ಆಗಿ ಅಡಗಿ ಕೂತಾಗ ಸತ್ಸುಮಾದವರ ಮನೆಗೆ ಓಡಿ ಸಹಾಯ ತಂದವನೂ ಮಿಯೋಶಿಯೇ. ಎಚ್ಚರಿಸೋಕೆ ಒಬ್ಬಳು, ಈಟಿಗೆ ಒಬ್ಬ, ಪಿಸ್ತೂಲಿಗೆ ಒಬ್ಬ. ರ್ಯೋಮಾ ಇವರನ್ನೆಲ್ಲ ಮೆನುವಿನಲ್ಲಿ ಇಟ್ಟಿದ್ನಾ? ಶಿನ್‌ಸೆನ್‌ಗುಮಿಯಂತೂ ಪಡೆ ಕಟ್ಕೊಂಡೇ ತಿರುಗ್ತಿತ್ತು. ಒಬ್ಬನೇ ಅಂತೆ! ಒಬ್ಬನೇ ಹೋಗೋದು ನಮ್ಮ ಭಾವ, ಅದೂ ಮದುವೆ ಊಟಕ್ಕೆ, ಹೆಂಡತಿಗೂ ಹೇಳದೆ.

ಮತ್ತೆ ಈ ಆಟದಲ್ಲಿ ನನಗೆ ನಿಜಕ್ಕೂ ಹಿಡಿಸಿದ್ದು ಬೇರೆಯೇ ಉಂಟು, ಅದು ಒಬ್ಬನೇ ಹೋಗೋರಿಗೆ ಜನ್ಮಕ್ಕೂ ಸಿಗೋದಿಲ್ಲ. ನೀವು ಯಾರನ್ನ ಕರ್ಕೊಂಡು ಹೋಗಿದ್ದೀರೋ, ಯಾರ ಪಕ್ಕ ನಿಂತು ಬಾಸ್ ಹೊಡೆದಿದ್ದೀರೋ, ಯಾರ ಹತ್ತಿರ ವರಸೆ ಕಲಿತಿದ್ದೀರೋ, ಮುಂದೆ ಪಕ್ಷ ಆರಿಸುವಾಗ ಅವನೇ ಎದುರು ಬಂದು ಕತ್ತಿ ಹಿರೀತಾನೆ. ಅವನ ಹೊಡೆತ ನಿಮಗೆ ಗೊತ್ತು, ಅವನ ಮೈಯೊಳಗೆ ಕೂತು ನೀವೇ ಆಡಿದ್ದೀರಿ. ಅವನು ಎಡಗಾಲು ಹಿಂದಿಟ್ಟ ಕೂಡಲೇ ಮುಂದೆ ಎಂತ ಬರ್ತದೆ ಅಂತ ಕೈಗೆ ಗೊತ್ತಿರ್ತದೆ, ಆದ್ರೂ ಬಟನ್ ಒತ್ತೋಕೆ ಮನಸ್ಸು ಬರೋದಿಲ್ಲ. ಅವನನ್ನ ಒಂದು ಮಿಷನ್ನಿಗೂ ಕರೆಯದೆ ಬಂದವನಿಗೆ ಅಲ್ಲಿ ಎಂತ ಕಾಣ್ತದೆ? ಇನ್ನೊಂದು ಹೆಲ್ತ್ ಬಾರ್. ಅಷ್ಟೇಯಾ.

“ಬೇಡ ಅಂದ್ರೆ ಹಿಂದಿನ ಮಿಷನ್ನಿಗೆ ಹೋಗಿ ಬೇರೆ ಆಯ್ಕೆ ಮಾಡಬಹುದಲ್ಲ” ಅಂತ ಯಾರೋ ಟೈಪ್ ಮಾಡ್ತಾ ಇದ್ದೀರಿ. ಮಾಡಬಹುದು. ಮಾಡಿ. ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಹೋಗಿ ಮಾಡಿ.

‘ಘೋಸ್ಟ್ ಆಫ್ ತ್ಸುಶಿಮಾ’ ನೋಡಿ. 2020ರಲ್ಲಿ ಬಂದದ್ದು, 1274ರ ಮಂಗೋಲರ ದಾಳಿ. ಯುನಾ, ಮಸಾಕೋ, ಇಶಿಕಾವಾ, ಎಲ್ಲಾ ಭಾರಿ ಪಾತ್ರಗಳು, ಆದ್ರೆ ಅವರವರ ಕಥೆಯಲ್ಲಷ್ಟೇ ಬರ್ತಾರೆ. ಬಯಲಲ್ಲಿ ಮಂಗೋಲರು ಮುತ್ತಿಕೊಂಡಾಗ “ಮಸಾಕೋ ಅಮ್ಮಾ, ಬನ್ನಿ” ಅಂತ ಕೂಗಿದ್ರೆ ಬರೋ ವ್ಯವಸ್ಥೆ ಇಲ್ಲ. 2025ರಲ್ಲಿ ಬಂದ ‘ಅಸ್ಯಾಸಿನ್ಸ್ ಕ್ರೀಡ್ ಶ್ಯಾಡೋಸ್’ನಲ್ಲಿ ಕರೆಯಬಹುದು, ಅಡಗುದಾಣದಲ್ಲಿ ಡೋಜೋ, ಅಂದ್ರೆ ತಾಲೀಮು ಮನೆ, ಕಟ್ಟಿ ಯಾಯಾಳಂಥವರನ್ನ ಪಳಗಿಸಿ, ಇಬ್ಬರನ್ನ ಕೈಯಳತೆಯಲ್ಲಿ ಇಟ್ಕೊಳ್ಳಬಹುದು. ಅಲ್ಲೂ ನಮ್ಮವರು ಎಂತ ಮಾಡ್ತಾರೆ ಗೊತ್ತಾ? ಎಲ್ಲರನ್ನೂ ಸೇರಿಸ್ಕೊಂಡು, ಟ್ರೋಫಿ ಬಂತಾ, ಸ್ಕ್ರೀನ್‌ಶಾಟ್ ಹೊಡೆದು, ಮತ್ತೆ ಒಬ್ಬರೇ ಮಾಡಿನ ಮೇಲೆ ಕೂತಿರ್ತಾರೆ. ಸಿಗದ ಕಡೆ ಬೇಕು ಅಂತ ಅಳೋದು, ಸಿಕ್ಕ ಕಡೆ ಮುಟ್ಟದೆ ಇರೋದು. ಕರೀರಿ ಮಾರಾಯ್ರೆ, ಕರೀರಿ, ಕರೀರಿ!

ಒಂದು ನಿಮಿಷ, ಜಾಹೀರಾತು. ಯಾವ ಕಂಪನಿಯೂ ನನಗೆ ದುಡ್ಡು ಕೊಡೋದಿಲ್ಲ, ಹಾಗಾಗಿ ಅತ್ತಿಗೆಯದು. ಅವರು ಶಿರಸಿ ಕಡೆಯ ಅಪ್ಪೆಮಿಡಿ ಉಪ್ಪಿನಕಾಯಿ ಹಾಕ್ತಾರೆ, ಲಿಂಕ್ ಕೆಳಗೆ ಉಂಟು. ಗೇಮ್ ಆಡುವಾಗ ತಿನ್ಬೇಡಿ, ಕಂಟ್ರೋಲರ್ ಎಣ್ಣೆ ಆಗ್ತದೆ.

ಎಂತ ಹೇಳ್ತಿದ್ದೆ? ಹ್ಞಾಂ. ಒಬ್ಬನೇ ಆಡೋದು ನಿಮ್ಮ ಇಷ್ಟ ಅಂತೀರಿ. ಅಲ್ಲ. ನಿಮ್ಮ ಇಷ್ಟ ಅಲ್ಲ. ಯಾಕೆ ಅಲ್ಲ? ಯಾಕಂದ್ರೆ ಮೈಕು ನನ್ನ ಹತ್ತಿರ ಉಂಟು. ಈ ಆಟದಲ್ಲಿ ಬೀದಿ ಬೀದಿಯಲ್ಲಿ ಬೆಕ್ಕು ಹುಡುಕಿ ಮೈ ಸವರ್ತೀರಿ, ಅದಕ್ಕೆ ಪುರುಸೊತ್ತು ಉಂಟು. ರ್ಯೋಮಾನ ಹೆಸರಿನ ಮೇಲೆ ಒಂದು ಬಟನ್ ಒತ್ತೋಕೆ ಪುರುಸೊತ್ತಿಲ್ಲ! ಬೆಕ್ಕು ಬಾಸ್ ಹೊಡೀತದಾ? ಇದಕ್ಕೆ ಉತ್ತರ ಕೊಡಿ ನೋಡುವ. ಇಲ್ಲ, ಉತ್ತರ ಇಲ್ಲ, ನನಗೆ ಗೊತ್ತು.

ಭಾನುವಾರ ರಾತ್ರಿ ಊಟ ಆದ ಮೇಲೆ ಲೈವ್ ಬರ್ತೇನೆ, ಭಾವನೂ ಇರ್ತಾನೆ, ಯಾರಾದ್ರೂ ಮದುವೆ ಇಟ್ಕೊಳ್ಳದಿದ್ರೆ. ಕೆಳಗೆ ನಿಮ್ಮ ಇಬ್ಬರು ಜೊತೆಗಾರರು ಯಾರು ಅಂತ ಬರೀರಿ. “ಯಾರೂ ಇಲ್ಲ” ಅಂತ ಬರೆದವರಿಗೆ ಹಾರ್ಟ್ ಇಲ್ಲ, ಉತ್ತರ ಇಲ್ಲ, ಉಪ್ಪಿನಕಾಯಿಗೆ ಡಿಸ್ಕೌಂಟೂ ಇಲ್ಲ. ಹೋ, ಕರೆಂಟ್ ಮಿಣಕ್ ಅಂತಾ ಉಂಟು, ಇನ್ವರ್ಟರ್ ಹಾಕಿದ್ದಾರಾ ಒಳಗೆ? ಅತ್ತಿಗೇ!